ತೇಲಿದ ತುಂಡು

ಸಿಹಿ ವಾಸನೆ, ತೋವಿನಕೆರೆಯ ಹಲಸಿನ ತೊಳೆ ಹುಳಿ ತಿರುಗಿದಂಥ ವಾಸನೆ, ಕೆಂಚಿಯ ಉಸಿರಿನಲ್ಲಿ ಇನ್ನೂ ಇದೆ — ನಿನ್ನೆಗಿಂತ ಕಡಿಮೆ, ಅಪ್ಪಾ ಜುಂಜಪ್ಪ, ಕುರಿ ಕಾಯುವ ದೇವರೇ, ಕಡಿಮೆಯೇ ಆಗಲಿ. ಹೊನ್ನಕ್ಕ ಆ ಗಬ್ಬದ ಕುರಿಯ ದವಡೆ ಬಿಡಿಸಿ ಬಿದಿರ ಗೊಟ್ಟದಲ್ಲಿ ಬೆಲ್ಲದ ನೀರು ಹುಯ್ಯುತ್ತಾಳೆ, ಒಂದು ಗುಟುಕು ಇಳಿಯಿತು, ಇನ್ನೊಂದು ಇಳಿಯಿತು, ಇದು ಮರಿಯಾಗಿದ್ದಾಗ ಗಂಡ ಕ್ಯಾತಣ್ಣ ತಿರುಮಣಿಯಿಂದ ಹೆಗಲ ಮೇಲೆ ಹೊತ್ತು ತಂದಿದ್ದ, ತುರ್ತು ಪರಿಸ್ಥಿತಿ ತೆಗೆದ ಮರುವರ್ಷ, ಲೇ ಹೊನ್ನಿ, ನಿಂಗೊಬ್ಳು ಸವತೀನ ತಂದ್ಬುಟ್ಟೆ ಕಣೇ ಎಂದು ನಕ್ಕಿದ್ದ — ಆ ನಗು ಮಣ್ಣಿಗೆ ಹೋಗಿ ಇಂದಿಗೆ ಒಂಬತ್ತು ದಿನ. ದೊಡ್ಡಿಯ ತಡಿಕೆಯನ್ನು ಮೂವತ್ತು ವರ್ಷ ತೆಗೆದ ಕೈ ಹೋದ ಮೇಲೆ ಬೇರೆ ಕೈ ತೆಗೆಯಬಾರದು, ನಾನು ಉಣ್ಣದೆ ಇಲ್ಲವೇ, ಕುರಿಗಳೂ ಯಜಮಾನನಿಗಾಗಿ ಉಪವಾಸವಿರಲಿ ಎಂದು ಐದು ದಿನ ಮುಚ್ಚಿಯೇ ಇಟ್ಟಳು, ಬ್ಯಾಡ ಕಣತ್ಗೆ, ಮೂಕ ಪ್ರಾಣಿಗುಳು, ಅವುಕ್ಕೇನ್ ಗೊತ್ತು ಸೂತ್ಕ ಎಂದು ಮೈದುನ ಕದರಪ್ಪ ಗೋಗರೆದರೂ ಬಿಡಲಿಲ್ಲ, ಭಕ್ತಿ ಎಂದುಕೊಂಡಿದ್ದಳು. ಆರನೆಯ ದಿನ ಬಡಕಲು ಕುರಿಗಳೆಲ್ಲ ನಿಂತೇ ಇದ್ದವು, ಕೊಬ್ಬಿದ ಕುರಿ ಬೋಳಿ, ಅವಳಿ ಹೊತ್ತದ್ದು — ಅದು ಮಾತ್ರ ಕಣ್ಣು ಕಾಣದೆ ಗೂಟಕ್ಕೆ ಹಣೆ ಒತ್ತಿ ನಿಂತು ಹಾಗೇ ಕುಸಿಯಿತು.

ಸಿರಾದಿಂದ ಬಂದ ದನದ ಡಾಕ್ಟರು ಮಹಾಲಿಂಗಯ್ಯ, ಲಿಂಗ ಕಟ್ಟಿದವರು, ಮೂಗಿಗೆ ವಸ್ತ್ರ ಕಟ್ಟಿ ಸತ್ತ ಬೋಳಿಯ ಹೊಟ್ಟೆ ಸೀಳಿದರು, ಕಗ್ಗೆಂಪಗಿರಬೇಕಾದ ಈಲಿ, ಅದೇ ಯಕೃತ್ತು, ಬೆಣ್ಣೆಯಂತೆ ಹಳದಿ, ಒಂದು ತುಂಡು ಕುಯ್ದು ಬೋಸಿಯ ನೀರಿಗೆ ಹಾಕಿದರು, ಮುಳುಗಬೇಕಾದದ್ದು ತೇಲಿತು. ನೋಡಮ್ಮ, ಹೊಟ್ಟೆಗಿಲ್ದಾಗ ಮೈಯಾಗಿನ ಕೊಬ್ಬೆಲ್ಲ ಕರಗಿ ಈಲಿಗೆ ನುಗ್ತದೆ, ಅಷ್ಟನ್ನೂ ಅರಗಿಸೋಕೆ ಅದಕ್ಕಾಗಲ್ಲ, ತುಂಬ್ಕೊಂಡು ಕೂತ್ಬುಡ್ತದೆ, ಒಳಗೆ ಎರಡು ಮರಿ ಬೇರೆ ಹೊಟ್ಟೆಗೆ ಕೇಳ್ತಿರ್ತಾವೆ. ಅಂಗಾರೆ ನಾನೇ ಕೊಂದ್ನಾ ಸೋಮಿ? ಅವರು ಸುಳ್ಳು ಹೇಳಲಿಲ್ಲ, ಬಯ್ಯಲೂ ಇಲ್ಲ, ಕತ್ತಿ ತೊಳೆಯುತ್ತಾ, ಇದು ಹೇಳ್ಕೊಟ್ಟು ಹೋಗಿದೆ, ಕೆಂಚಿ ಉಸಿರೂ ಸಿಹಿ ನಾರ್ತದೆ, ಅದೇ ಕಾಯ್ಲೆ, ಅದನ್ನಾದ್ರೂ ಉಳಿಸ್ಕೊ, ಬೆಲ್ಲ ಕುಡಿಸು, ತಡಿಕೆ ತೆಗಿ, ಅಂದರು, ನೀನು ಉಂಡು ಎಷ್ಟು ದಿನ ಆಯ್ತು? ಯಾಕೆ ಸೋಮಿ, ನನ್ನೂ ಕುಯ್ದು ನೋಡ್ತೀರಾ — ಕದರಪ್ಪ ನಕ್ಕುಬಿಟ್ಟ, ಅವಳೂ, ಸಾವಿನ ಮನೆಯಲ್ಲಿ.

ಆ ಡಾಕ್ಟರ ಕೈ ತಣ್ಣಗಿರಲಿ, ಬೋಳಿ, ನಿನಗೂ ಶರಣು ತಾಯಿ, ನಿನ್ನ ಒಡಲು ತೋರಿಸಿ ಇದರ ಒಡಲು ಕಾಯ್ದೆ — ಕೆಂಚಿ ಮುಂಗಾಲು ಊರುತ್ತದೆ, ಏಳುತ್ತದೆ, ಅವಳ ಕೈಯ ಜಾಲಿಕಾಯಿ ಅತ್ತ ಹೋದರೆ ಕಣ್ಣೂ ಅತ್ತ, ಇತ್ತ ಬಂದರೆ ಇತ್ತ, ಕಾಣುತ್ತದೆ, ಕಾಣುತ್ತದೆ ಅದಕ್ಕೆ! ಮಿಕ್ಕಿದ್ದು ನೀನೇ ಕುಡಿಯತ್ಗೆ, ಸವತಿ ಎಂಜ್ಲು ಎನ್ನುತ್ತಾನೆ ಕದರಪ್ಪ, ತುಂಟ, ಅಣ್ಣನದೇ ದನಿ, ಅವಳು ಚೆಂಬು ಎತ್ತುತ್ತಾಳೆ, ಸಿಹಿ ತುಟಿಗೆ ತಾಕುತ್ತದೆ, ಒಂದು ಗುಟುಕು ನುಂಗುತ್ತಾಳೆ, ಚೆಂಬಿನೊಳಗೆ ಬರೀ ಬೆಲ್ಲದ ನೀರು, ಬೇರೇನೂ ಇಲ್ಲ, ಆದರೂ ಅವಳ ಕಣ್ಣಿಗೆ ನೀರಿನ ಮೇಲೆ — ಬೋಳಿಯ ಆ ಹಳದಿ ತುಂಡು, ಮುಳುಗದೆ.