ನೆದರಾದೀತೆಂದು

ನಜ್ಮಾ ಕಲ್ಲಂಗಡಿ ಹೆಚ್ಚುತ್ತಿದ್ದಳು. ಒಂದೊಂದೇ ಬೀಜವನ್ನು ಚಾಕುವಿನ ತುದಿಯಿಂದ ಕಿತ್ತು ಬಟ್ಟಲಿಗೆ ಹಾಕುತ್ತಿದ್ದಳು. ಎದುರಿಗೆ ಸಂಜೆ ರೋಜಾ ಬಿಡುವ ಹೊತ್ತಿನ ಮಿರ್ಚಿ ಭಜಿಗೆಂದು ಮೆಣಸಿನಕಾಯಿ ಸೀಳುತ್ತ ಕುಳಿತ ಅತ್ತೆ ತಸ್ಲೀಮಾಳಿಗೆ ಜೀವ ತಡೆಯಲಿಲ್ಲ. ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಹೋಗಿ ರಕ್ತದ ಪರೀಕ್ಷೆಯಲ್ಲಿ ಏನು ಬಂತೆಂದು ಕೇಳಿಕೊಂಡು ಬಂದ ಸೊಸೆ, ಈವರೆಗೆ ತುಟಿ ಪಿಟಕ್ಕೆಂದಿರಲಿಲ್ಲ.

ನಜ್ಮಾಳ ಮೈಯಲ್ಲಿ ಎಚ್‌ಐವಿ ಇರುವುದು ಮನೆಯವರಿಗೆಲ್ಲ ಗೊತ್ತಿತ್ತು. ಗುಳಿಗೆ ನುಂಗುತ್ತ ಚೆನ್ನಾಗಿಯೇ ಇದ್ದಳು. ಹೋದ ರಮಜಾನಿನಲ್ಲಿ ಮಾತ್ರ ರೋಜಾ ಉಪವಾಸದ ಗಡಿಬಿಡಿಯಲ್ಲಿ ಗುಳಿಗೆ ಮೇಲಿಂದ ಮೇಲೆ ತಪ್ಪಿ, ವೈರಾಣು ಏರಿಬಿಟ್ಟಿತ್ತು. ಈ ಸಲದ ಪರೀಕ್ಷೆಯಲ್ಲೂ ಇಳಿಯದಿದ್ದರೆ ಈ ಔಷಧ ನಾಟುತ್ತಿಲ್ಲವೆಂದೇ ಅರ್ಥ ಎಂದಿದ್ದರು ಡಾಕ್ಟರು. ಅಂದಿನಿಂದ ನಜ್ಮಾ ಎಲ್ಲರೂ ಕೂಡಿ ಉಣ್ಣುವ ದೊಡ್ಡ ತಾಟು ಬಿಟ್ಟು ಬೇರೆ ಕೂತು ಉಣ್ಣುತ್ತಿದ್ದಳು. ಕೂಡಿ ಉಂಡರೆ ಇದು ಯಾರಿಗೂ ಹತ್ತುವುದಿಲ್ಲವೆಂದು ಡಾಕ್ಟರೂ ಅತ್ತೆಯೂ ಎಷ್ಟು ಹೇಳಿದರೂ ಕೇಳಿರಲಿಲ್ಲ.

ತಸ್ಲೀಮಾ ಕೈಯಲ್ಲಿದ್ದುದನ್ನು ಕೆಳಗಿಟ್ಟಳು. "ನಜ್ಮಾ, ಎಷ್ಟ ಕೆಟ್ಟ ಇದ್ರೂ ಹೇಳಿಬಿಡವಾ. ಬ್ಯಾರೆ ಔಷಧ ಇಲ್ಲೇನ? ನಿನ್ನ ನೋಡ್ಕೊಳ್ಳಾಕ ನಾ ಇನ್ನೂ ಜೀವಂತ ಇದ್ದೇನಿ."

ನಜ್ಮಾ ಸೆರಗನ್ನು ಬಾಯಿಗೊತ್ತಿಕೊಂಡಳು. ಭುಜ ಕುಲುಕತೊಡಗಿತು.

ಗ್ಯಾರೇಜಿನಿಂದ ಬಂದು ಕೈ ತೊಳೆಯುತ್ತಿದ್ದ ಗಂಡ ಬಿಲಾಲ ಗಾಬರಿಯಾದ. "ಅಮ್ಮಾ, ಯಾಕ ಅಳಾಕತ್ತಾಳ?"

"ಅಳಾಕತ್ತಿಲ್ಲರಿ, ನಗು ತಡೀವಲ್ದು," ಎಂದಳು ನಜ್ಮಾ. "ಮಷಿನ್ನಿಗೂ ಕಾಣದಷ್ಟು ಇಳದೈತಂತ. ಇದ ಗುಳಿಗಿ ಸಾಕಂತ."

"ಮತ್ತ ಮುಂಜಾನಿಂದ ಬಾಯಿಗೆ ಬೀಗಾ ಹಾಕ್ಕೊಂಡಿದ್ದೇನ?" ಎಂದಳು ತಸ್ಲೀಮಾ.

"ಛಲೋ ಸುದ್ದಿ ಲಗೂ ಹೇಳಿದ್ರ ಮಂದಿ ಕಣ್ಣ ಬಿದ್ದು ನೆದರ ಆಗತೈತಿ ಅಂತ ನೀವ ಹೇಳ್ತೀರಲ್ಲ ಅತ್ತಿ. ರೋಜಾ ಬಿಟ್ಟ ಮ್ಯಾಲ ಹೇಳೋಣು ಅಂತಿದ್ದೆ."

"ಅದು ಊರ ಮಂದಿಗಿ, ಹುಚ್ಚಿ! ನಂದೂ ನೆದರ ಆಗತೈತೇನ ನಿನಗ?" ತಸ್ಲೀಮಾ ಸೊಸೆಯ ಎರಡೂ ಕೆನ್ನೆ ಹಿಡಿದು ಹಿಂಡಿದಳು.

"ಅಯ್ಯೋ, ಮೆಣಸಿನಕಾಯಿ ಕೈರೀ! ಉರೀತೈತಿ!"

"ಉರೀಲಿ. ಅಷ್ಟೊತ್ತಿಂದ ನನ್ನ ಹೊಟ್ಟಿ ಉರದೈತಿ."

ಬಿಲಾಲ ತೊಯ್ದ ಕೈಯಲ್ಲೇ ನಿಂತು ನಕ್ಕ. ನಗು ಕೇಳಿ ನಾದಿನಿ ಶಾಯಿಸ್ತಾ ಒಳಗಿನಿಂದ ಓಡಿಬಂದಳು.

ತಾಟು ನಡುವೆ ಬಂತು. "ಇವತ್ತೂ ಬ್ಯಾರೆ ಕುಂತ್ರ ಬಡಿಗಿ ತಗೋತೇನಿ," ಎಂದು ತಸ್ಲೀಮಾ ಸೊಸೆಯ ರಟ್ಟೆ ಹಿಡಿದು ಕೂರಿಸಿಕೊಂಡಳು. ಅಜಾನ್ ಕೇಳಿತು. ಖರ್ಜೂರ ಬಾಯಿಗೆ ಹೋಯಿತು; ಆಮೇಲೆ ಎಲ್ಲ ಕೈಗಳೂ ಒಟ್ಟಿಗೇ ತಾಟಿಗಿಳಿದವು.

"ಒಂಚೂರ ಸರೀರಿ, ನನ್ನ ಕೈ ತಾಟಿಗೆ ಮುಟ್ಟವಲ್ದು," ಎಂದಳು ನಜ್ಮಾ.

ತಸ್ಲೀಮಾ ಬಾಯಿ ತುಂಬಿಕೊಂಡೇ ತಾಟನ್ನು ಸೊಸೆಯ ಕಡೆಗೆ ಸರಿಸಿದಳು.