ಎಂಬತ್ತಕ್ಕೆ ಬರುವ ನಡುಕ

ಹಲ್ಲಿನ ಡಾಕ್ಟರಮ್ಮನ ಕಾರು ಒಂದೇ ದೂರು ಹೊತ್ತು ಮೂರನೆಯ ಸಲ ಗ್ಯಾರೇಜಿಗೆ ಬಂತು. ಹಳೆಯ ಕಬ್ಬಿಣದ ಚಕ್ರಗಳನ್ನು ಬಿಚ್ಚಿಸಿ, ಹೊರಗಡೆ ಕೊಂಡ ಅಲಾಯ್ ಚಕ್ರಗಳನ್ನು ಹಾಕಿಸಿಕೊಂಡು ಹೋಗಿ ಹನ್ನೆರಡು ದಿನವಾಗಿತ್ತು ಅಷ್ಟೆ. ಹಾಕಿಕೊಟ್ಟವನು ಮೇಸ್ತ್ರಿಯೇ.

"ಎಂಬತ್ತಾಗ್ತಿದ್ದ ಹಾಗೇ ಸ್ಟೀರಿಂಗ್ ಗಡಗಡ ಅನ್ನುತ್ತೆ. ಎಪ್ಪತ್ತಕ್ಕೆ ಇಲ್ಲ, ನೂರು ದಾಟಿದರೂ ಇಲ್ಲ. ಎಂಬತ್ತರ ಮೇಲೆ ಅದಕ್ಕೇನು ಅಷ್ಟು ಪ್ರೀತಿ ಮೇಸ್ತ್ರಿ?"

"ಬ್ಯಾಲೆನ್ಸ್ ಎರಡು ಸಲ ಮಾಡಿದೀವಿ ಮೇಡಂ," ಎಂದಳು ಮೇಸ್ತ್ರಿಯ ತಂಗಿ, ಚಕ್ರದ ಬ್ಯಾಲೆನ್ಸ್ ನೋಡುವ ಯಂತ್ರದ ಪಕ್ಕದಿಂದ. ಗ್ಯಾರೇಜು ಅಣ್ಣ ತಂಗಿ ಇಬ್ಬರದೂ. "ಎರಡು ಸಲವೂ ಸೊನ್ನೆ ತೋರಿಸ್ತು."

"ನಿಮ್ಮ ಯಂತ್ರ ನನ್ನ ಕಾರಲ್ಲಿ ಕೂತು ನೋಡಿದೆಯಾ? ಇಳಿದ ಮೇಲೂ ಕೈ ಜುಂ ಅಂತಿರುತ್ತೆ. ನಡುಗೋ ಕೈಯಲ್ಲಿ ಇಕ್ಕಳ ಹಿಡಿದು ನಿಂತರೆ ಯಾರು ಬಾಯಿ ತೆಗೀತಾರೆ ಹೇಳಿ."

ತಂಗಿ ನಕ್ಕಳು. ಮೇಸ್ತ್ರಿ ನಗಲಿಲ್ಲ. ಎಡಗೈಯನ್ನು ಜೇಬಿಗೆ ತುರುಕಿಕೊಂಡ.

ಆ ಕೈಗೆ ಏನೋ ಶುರುವಾಗಿ ನಾಲ್ಕು ತಿಂಗಳು. ಸುಮ್ಮನೆ ಕೂತಾಗ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು, ಕಾಣದ ಮೇಣದ ಉಂಡೆಯನ್ನು ಹೊಸೆಯುವ ಹಾಗೆ. ಮೊದಮೊದಲು ಏನಾದರೂ ಹಿಡಿದರೆ ನಿಲ್ಲುತ್ತಿತ್ತು. ಅದಕ್ಕೇ ಬೆಳಿಗ್ಗೆಯಿಂದ ಸಂಜೆಯವರೆಗೆ ಕೆಲಸವಿರಲಿ ಬಿಡಲಿ ಸ್ಪ್ಯಾನರ್ ಹಿಡಿದೇ ಓಡಾಡುತ್ತಿದ್ದ. ಈಗೀಗ ಹಿಡಿದದ್ದೂ ಸಣ್ಣಗೆ ಅದುರುತ್ತಿತ್ತು. ಹೆಬ್ಬೆರಳು ಯಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ಸತ್ತು ಒಂಬತ್ತು ವರ್ಷ. ಮೈಯೆಲ್ಲ ಬೂದಿಯಾದರೂ ಆ ಒಂದು ಹೆಬ್ಬೆರಳು ಎಲ್ಲೋ ಅಡಗಿ ಕೂತಿದ್ದು, ಈಗ ಮಗನ ಅಂಗಿಯ ತೋಳಿನಿಂದ ಇಣುಕುತ್ತಿತ್ತು. ತಂಗಿಗೆ ಹೇಳಿರಲಿಲ್ಲ. ಹೇಳಿದರೆ ಅಂದೇ ತನ್ನ ಕೆಲಸಕ್ಕೆ ಕೊನೆ.

ಕೀ ತೆಗೆದುಕೊಂಡು ಒಬ್ಬನೇ ಹೊರಟ. ಗೋದಾಮುಗಳ ಹಿಂದಿನ ನೇರ ರಸ್ತೆ ಮಧ್ಯಾಹ್ನ ಖಾಲಿಯಿರುತ್ತದೆ. ಎಂಬತ್ತಾಯಿತು. ಬಂತು. ಮಣಿಕಟ್ಟಿನಿಂದ ಮೊಣಕೈವರೆಗೆ ಜುಮ್ಮೆಂದು ಹರಿಯಿತು. ಇದು ಕಾರಿನಿಂದ ಕೈಗೆ ಹತ್ತುತ್ತಿದೆಯೋ, ಕೈಯಿಂದ ಕಾರಿಗೆ ಇಳಿಯುತ್ತಿದೆಯೋ? ಹಿಂದಿನ ಎರಡು ಸಲವೂ ಇದೇ ಪ್ರಶ್ನೆ ಎದುರು ನಿಂತಾಗ ಗಾಡಿ ತಿರುಗಿಸಿಕೊಂಡು ಬಂದು, "ಬ್ಯಾಲೆನ್ಸ್ ಇನ್ನೊಂದು ಸಲ ನೋಡು" ಎಂದುಬಿಟ್ಟಿದ್ದ. ಗೊತ್ತುಮಾಡಿಕೊಳ್ಳುವುದು ಬಹಳ ಸುಲಭವಿತ್ತು. ಕೈ ಬಿಟ್ಟರಾಯಿತು.

ಈ ಸಲ ಬಿಟ್ಟ. ಸ್ಟೀರಿಂಗ್ ತಾನೇ ತಾನಾಗಿ ಚಳಿ ಹಿಡಿದವರ ಹಾಗೆ ನಡುಗುತ್ತಿತ್ತು.

"ನೀನೇ ಏನು," ಎಂದು ಕಾರಿನ ಜೊತೆ ಮಾತಾಡಿದ. ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

"ನಡುಕ ಗಾಡಿಯದ್ದೇ," ಎಂದ ಗ್ಯಾರೇಜಿಗೆ ಬಂದವನೇ.

"ಮತ್ತೆ ಇನ್ಯಾರದ್ದು ಅಂದ್ಕೊಂಡಿದ್ದೆ?" ಎಂದಳು ತಂಗಿ. ಅವನು ನಾಲಿಗೆ ಕಚ್ಚಿಕೊಂಡ.

ಹಿಂದಿನ ಎರಡು ಸಲ ಚಕ್ರ ಬಿಚ್ಚಿ ಹಾಕಿದ್ದು ಅಣ್ಣ; ಈ ಸಲ ಕಾರನ್ನು ಎತ್ತಿ ಮುಂದಿನ ಎಡಚಕ್ರ ತಾನೇ ಬಿಚ್ಚಿದ ತಂಗಿ ಒಳಗೆ ಬೆರಳಾಡಿಸಿ ನೋಡಿದಳು. "ಅಣ್ಣ, ಇದರ ರಿಂಗ್ ಎಲ್ಲಿ?"

ಹೊರಗೆ ಕೊಂಡ ಚಕ್ರಗಳ ನಡುವಿನ ತೂತು ಎಲ್ಲ ಕಾರಿಗೂ ಆಗಲೆಂದು ದೊಡ್ಡದಿರುತ್ತದೆ. ಚಕ್ರವನ್ನು ಹೊರುವ ಕಾರಿನ ಹಬ್‌ಗೂ ಆ ತೂತಿಗೂ ನಡುವೆ ಉಳಿಯುವ ಸಂದಿಗೆ ಒಂದು ಪ್ಲಾಸ್ಟಿಕ್ ರಿಂಗ್ ಕೂರಿಸಬೇಕು. ಇಲ್ಲದಿದ್ದರೆ ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂರುತ್ತದೆ. ಯಂತ್ರಕ್ಕೆ ಇದು ತಿಳಿಯದು. ಅದು ಚಕ್ರವನ್ನು ತನ್ನದೇ ಅಚ್ಚಿನ ಮೇಲೆ ಸರಿಯಾಗಿ ಕೂರಿಸಿಕೊಂಡು ಸೊನ್ನೆ ತೋರಿಸುತ್ತದೆ.

ಮೇಸ್ತ್ರಿಗೆ ನೆನಪಾಯಿತು. ಅವತ್ತು ರಿಂಗ್ ಬೆರಳಿನಿಂದ ಎರಡು ಸಲ ಜಾರಿ ಬಿದ್ದಿತ್ತು. ಡಾಕ್ಟರಮ್ಮ ಎದುರಿಗೇ ನಿಂತಿದ್ದರು. ಮೂರನೆಯ ಸಲವೂ ಬೀಳುವುದನ್ನು ಅವರು ನೋಡಬಾರದೆಂದು ಚಕ್ರವನ್ನು ಹಾಗೇ ಏರಿಸಿ ಬಿಗಿದಿದ್ದ. ಆಮೇಲೆ ಹಾಕೋಣವೆಂದುಕೊಂಡದ್ದು ಆಮೇಲೆ ಮರೆತೇಹೋಗಿತ್ತು.

ತಂಗಿ ಹೊಸ ರಿಂಗ್ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದಳು. ಅವನು ಮತ್ತೆ ಓಡಿಸಲು ಹೋದ.

ಎಂಬತ್ತು. ನಡುಕ ಇನ್ನೂ ಇತ್ತು. ಮೊದಲಿಗಿಂತ ಸಣ್ಣದು, ಆದರೆ ಇತ್ತು. ಕೈ ಬಿಟ್ಟ.

ಸ್ಟೀರಿಂಗ್ ಕಲ್ಲಿನ ಹಾಗೆ ನಿಂತಿತು. ನಡುಕ ಅವನ ಕೈಯ ಜೊತೆಗೇ ತೊಡೆಯ ಮೇಲೆ ಬಂದು ಕೂತಿತು.

ಗ್ಯಾರೇಜಿಗೆ ಬಂದಾಗ ಬಾಯಿಂದ ಹೊರಬಿದ್ದದ್ದು ಬೇರೆಯೇ ಮಾತು. "ಇನ್ನೂ ಸ್ವಲ್ಪ ಇದೆ."

ತಂಗಿ ಕೀ ಇಸಕೊಂಡು ಹೋದಳು. ಕಾಲು ಗಂಟೆಯ ಮೇಲೆ ಬಂದವಳು ಅವನ ಮುಖ ನೋಡದೆ, ಕೈ ಒರೆಸುವ ಬಟ್ಟೆಯಲ್ಲಿ ಇಲ್ಲದ ಗ್ರೀಸ್ ಒರೆಸಿಕೊಳ್ಳುತ್ತ ಹೇಳಿದಳು: "ಹೌದಣ್ಣ, ಒಂಚೂರು ಇದೆ. ಟೈರಿಂದಿರಬೇಕು. ಹಿಂದಿನದನ್ನ ಮುಂದಕ್ಕೆ ಹಾಕಿ ನೋಡೋಣ."

ಈ ಮಾತು ಮೇಸ್ತ್ರಿಗೆ ಗೊತ್ತು. ಅವನೇ ಆಡಿದ್ದು.

ಇದೇ ಶೆಡ್ಡಿನಲ್ಲಿ ಅಪ್ಪ ಕಬ್ಬಿಣ ಕಡೆಯುವ ಲೇತ್ ನಡೆಸುತ್ತಿದ್ದ. ಕೊನೆಯ ವರ್ಷ ಕಡೆದದ್ದೆಲ್ಲ ಅಲೆಅಲೆಯಾಗಿ ಬರುತ್ತಿತ್ತು. "ಲೇತ್ ಅಲುಗಾಡ್ತಿದೆ ಕಣೋ," ಅನ್ನುತ್ತಿದ್ದ ಅಪ್ಪ. "ಹೌದಪ್ಪ, ಒಂಚೂರು ಅಲುಗಾಡ್ತಿದೆ," ಅನ್ನುತ್ತಿದ್ದ ಮಗ. ಪ್ರತಿ ಭಾನುವಾರ ಅಣ್ಣ ತಂಗಿ ಸೇರಿ, ಕದಲದ ಲೇತಿನ ಕಾಲಡಿಗೆ ತಗಡಿನ ಚೂರು ಕೊಟ್ಟು ಬೋಲ್ಟ್ ಬಿಗಿಯುತ್ತಿದ್ದರು. ವರ್ಷದಲ್ಲಿ ಲೇತ್ ಒಂದು ಬೆರಳು ಎತ್ತರವಾಯಿತು. ಆಮೇಲೊಂದು ದಿನ ಅಪ್ಪನ ಎರಡು ಬೆರಳನ್ನು ತೆಗೆದುಕೊಂಡಿತು. ಆಸ್ಪತ್ರೆಯಲ್ಲೂ ಅಪ್ಪ ಬೈದದ್ದು ಲೇತನ್ನೇ.

"ಎಷ್ಟು ದಿನದಿಂದ ಗೊತ್ತು ನಿಂಗೆ?"

"ಏನು?"

"ನಾಟಕ ಬೇಡ."

ಅವಳು ಬಟ್ಟೆ ಮಡಚಿದಳು. "ಮಳೆಗಾಲದಿಂದ."

"ನಾನು ಬಿಗಿದ ಬೋಲ್ಟುಗಳನ್ನ ಹಿಂದಿನಿಂದ ಬಂದು ಬಿಗೀತಿದ್ದೆಯಾ?"

"ದಿನಾ. ನೀನು ಕೈ ತೊಳೆಯೋಕೆ ಹೋದಾಗ." ಮಡಚಿದ ಬಟ್ಟೆಯನ್ನು ಬದಿಗಿಟ್ಟು, "ಈ ಗಾಡಿಗೆ ಚಕ್ರ ಹಾಕಿದ ದಿನ ಮಾತ್ರ ನಾನಿರಲಿಲ್ಲ," ಎಂದಳು.

ಮಳೆಗಾಲದಿಂದ ಗೇಟು ದಾಟಿದ ಗಾಡಿಗಳೆಲ್ಲ ಅವನ ಕಣ್ಣ ಮುಂದೆ ಸಾಲಾಗಿ ಹೋದವು. ಶಾಲೆಯ ವ್ಯಾನು, ಹೊಸದಾಗಿ ಮದುವೆಯಾದವರ ಕೆಂಪು ಕಾರು. ಪ್ರತಿಯೊಂದರಲ್ಲೂ ಅಪ್ಪ ಚಾಲಕನ ಪಕ್ಕದಲ್ಲಿ ಕೂತು ಹೆಬ್ಬೆರಳು ಹೊಸೆಯುತ್ತಿದ್ದ.

ಮೇಸ್ತ್ರಿ, ಡಾಕ್ಟರಮ್ಮ ಕಾಯುತ್ತ ಕೂತಿದ್ದ ಗಿರಾಕಿಗಳ ಕುರ್ಚಿಯ ಕಡೆ ನಡೆದ.

"ನಿಮ್ಮ ಗಾಡಿ ಸರಿಹೋಗಿದೆ ಮೇಡಂ. ರಿಂಗ್ ಹಾಕೋದು ಬಿಟ್ಟಿದ್ದೆ, ತಪ್ಪು ನನ್ನದೇ. ನೀವೇ ಒಂದು ಸಲ ಓಡಿಸಿ ನೋಡ್ಕೊಂಡು ಹೋಗಿ."

ಕೀ ಕೊಡಲು ಎಡಗೈ ಚಾಚಿದ. ಗೊಂಚಲು ಕಿಣಿಕಿಣಿ ಎಂದಿತು. ಅವರು ಕೀಯನ್ನಲ್ಲ, ಕೈಯನ್ನು ನೋಡಿದರು.

"ಯಾರಿಗಾದರೂ ತೋರಿಸಿದೀರಾ?"

"ಇಲ್ಲ. ನಾಳೆ ತಂಗಿ ಕರ್ಕೊಂಡು ಹೋಗ್ತಾಳೆ."

ಕಾರು ಹೊರಟಿತು. ಅದರ ಹಿಂದೆಯೇ ಇನ್ನೊಂದು ಒಳಬಂದು, ಪಂಕ್ಚರ್ ಎನ್ನುತ್ತ ಒಬ್ಬ ಇಳಿದು ಮೇಸ್ತ್ರಿಯ ಕಡೆ ಬಂದ.

"ನನ್ನನ್ನಲ್ಲ," ಎಂದ ಮೇಸ್ತ್ರಿ. "ಅವಳನ್ನ ಕೇಳಿ."

ಗಿರಾಕಿಗಳ ಕುರ್ಚಿ ಇನ್ನೂ ಬೆಚ್ಚಗಿತ್ತು. ಅವನು ಕೂತ.