ಒಂದೇ ಗೂಟ

ಎಲೆ ಉದುರುವ ಕಾಲ. ಅಮೆರಿಕದ ಗೈದರ್ಸ್‌ಬರ್ಗ್‌ನ ಆಫೀಸಿನ ಹೊರಗೆ ಆಳುಗಳು ಬ್ಲೋವರ್ ಹಿಡಿದು ಎಲೆ ಗುಡ್ಡೆ ಹಾಕುತ್ತಿದ್ದರೆ, ಒಳಗೆ ಸಿದ್ದೇಶ್ವರಿ ಔಷಧಿ ಪಂಪೊಂದನ್ನು ಬಿಚ್ಚಿಕೊಂಡು ಕೂತಿದ್ದಳು. ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಔಷಧಿ ಬಿಡುವ ಯಂತ್ರ ಅದು. ಅದರಲ್ಲಿ ಯಾವುದು ಕೆಟ್ಟರೆ ಏನಾದೀತು ಎಂದು ಮೊದಲೇ ಹುಡುಕಿಡುವುದು ಅವಳ ಕೆಲಸ. ಮೇಜಿನ ತುದಿಯಲ್ಲಿ ಶೈಲಜಾ ವೈನಿಯ ಸ್ಟೀಲ್ ಡಬ್ಬಿ. ರೊಟ್ಟಿ ಬಂದ ಡಬ್ಬಿಯನ್ನು ಬರಿದೇ ತಿರುಗಿಸಬಾರದೆಂದು ಶೇಂಗಾ ಚಟ್ನಿ ತುಂಬಿ ತಂದಿದ್ದಳು.

ವೈನಿಯ ಗಂಡ ಬಸವಂತಪ್ಪನೇ ಅವಳ ಮ್ಯಾನೇಜರು. ಇಬ್ಬರದೂ ಗದಗ ಸೀಮೆಯಾದ್ದರಿಂದ ಅಣ್ಣ, ವೈನಿ ಎಂದೇ ಕರೆಯುತ್ತಿದ್ದಳು. ಕೆಲಸಕ್ಕೆ ಸೇರಿಸಿದವನು, ವೀಸಾಕ್ಕೆ ಓಡಾಡಿದವನು, ಮನೆ ಸಿಗುವ ತನಕ ತನ್ನ ಬೇಸ್‌ಮೆಂಟಿನಲ್ಲಿ ಇರಿಸಿಕೊಂಡವನು ಅವನೇ.

"ಅಣ್ಣಾ, ಬರ್ರಿ ಇಲ್ಲೆ," ಎಂದು ಕರೆದಳು.

ಅವನ ಎದುರಿಗೇ ಮೋಟರ್ ನಡೆಸುವ ಪ್ರೋಗ್ರಾಂಗೆ ಬೇಕಂತಲೇ ಒಂದು ತಪ್ಪು ಉಣಿಸಿದಳು. ಎಲ್ಲ ಪ್ರೋಗ್ರಾಂಗಳಿಗೂ ಬುಡವಾದ ಕರ್ನಲ್‌ನ ಮೆಮೊರಿಯನ್ನೇ ಅದು ಕೆಡಿಸಿತು. ಮೋಟರ್ ನಿಲ್ಲದೆ ತಿರುಗಿತು. ಆಗ ಕೂಗಬೇಕಾದ ಅಲಾರಂ ಕೂಡ ಅದೇ ಕರ್ನಲ್ ಮೇಲೆ ನಿಂತಿದ್ದರಿಂದ ಕಮಕ್ ಕಿಮಕ್ ಅನ್ನಲಿಲ್ಲ.

"ಅಪಾಯದ ಪಟ್ಟಿಯೊಳಗ ಎರಡಕ್ಕೂ ಬ್ಯಾರೆ ಬ್ಯಾರೆ ಸಾಲು ಹಾಕೀವಲ್ಲ," ಅಂದ ಬಸವಂತಪ್ಪ. "ಮೋಟರ್ ಕೆಟ್ರ ಅಲಾರಂ ಒದರ್ತೈತಿ. ಅಲಾರಂ ಕೆಟ್ರ ಮೋಟರ್ ನಿಲ್ತೈತಿ. ಮುಗೀತು."

"ಎರಡೂ ಕೂಡಿ ಕೆಟ್ರ? ಒಂದು ಹೋರಿಗೆ ಎರಡು ಹಗ್ಗ ಹಾಕಿ, ಎರಡನ್ನೂ ಒಂದ ಗೂಟಕ್ಕ ಕಟ್ಟೀರಿ. ಗೂಟ ಕಿತ್ತು ಬಂದ್ರ?"

"ಮುಂದಿನ ಮಾಡೆಲ್‌ನಾಗ ಅಲಾರಂಗ ಬ್ಯಾರೆ ಚಿಪ್ ಹಾಕೂಣು. ಈಗ ಆಸ್ಪತ್ರಿಗೆ ಮಾಲು ಹೋಗಬೇಕು. ಅಪ್ರೂವ್ ಮಾಡು."

"ಅಲ್ಲೀ ತನಕ ಪೇಷಂಟ್ ಉಸುರು ಬಿಗಿ ಹಿಡಕೊಂಡು ಮಲಗಬೇಕೇನ್ರಿ?"

ಬಸವಂತಪ್ಪ ದನಿ ತಗ್ಗಿಸಿದ. "ನಿನ್ನ ಗ್ರೀನ್ ಕಾರ್ಡ್ ನನ್ನ ಮಾತಿನ ಮ್ಯಾಲೆ ನಿಂತೈತಿ, ಮರೀಬ್ಯಾಡ. ನಮ್ಮನಿ ರೊಟ್ಟಿ ಉಂಡಾಕಿ ನೀ."

ಸಿದ್ದೇಶ್ವರಿಗೆ ಮೈಯೆಲ್ಲ ಉರಿದುಹೋಯಿತು. ಬಿಸಿ ರೊಟ್ಟಿ ಬಡಿದು ತಟ್ಟೆಗೆ ಹಾಕಿದ ವೈನಿಯ ಕೈಯನ್ನೂ ಇವನು ಇಲ್ಲಿಗೆ ಎಳೆದು ತಂದನಲ್ಲ!

"ಉಂಡೀನಿ. ಆ ಋಣ ನನ್ನ ಮ್ಯಾಲೈತಿ. ಅದನ್ನ ಪೇಷಂಟ್ ತಲಿಗೆ ಕಟ್ಟಬ್ಯಾಡ್ರಿ."

ಅಂದವಳೇ ಕಂಪ್ಯೂಟರಿನಲ್ಲಿ ರಿಜೆಕ್ಟ್ ಒತ್ತಿದಳು. ಅವಳ ಒಪ್ಪಿಗೆಯಿಲ್ಲದೆ ಒಂದು ಪಂಪೂ ಬಾಗಿಲು ದಾಟುವಂತಿರಲಿಲ್ಲ.

ಅವನು ದಡದಡ ಹೊರಟ. "ಅಣ್ಣಾ, ವೈನೀ ಡಬ್ಬಿ," ಎಂದು ಮುಂದೆ ಹಿಡಿದಳು.

"ನೀನ ಇಟ್ಕೊ," ಎಂದವನು ತಿರುಗಿಯೂ ನೋಡಲಿಲ್ಲ.

ತುಂಬಿದ ಡಬ್ಬಿ ಮೇಜಿನ ಮೇಲೇ ಉಳಿಯಿತು. ಪಂಪಿನ ಮೋಟರ್ ಇನ್ನೂ ಗಿರಗಿರ ತಿರುಗುತ್ತಲೇ ಇತ್ತು. ಸಿದ್ದೇಶ್ವರಿ ವೈರು ಕಿತ್ತು ನಿಲ್ಲಿಸಿದಳು.